ಮುಂಗೈಗೆ ಹಚ್ಚಿದ ಅತ್ತರು

ಜಹನಾರಾ ಟೀಚರ್ ಎಂಥವರು ಎಂದು ಲಿಂಗರಾಜಪುರದ ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ಮಾತು ಕಮ್ಮಿ, ಲೆಕ್ಕ ಪಕ್ಕಾ. ಗಂಡ ಅಬ್ದುಲ್ ತೀರಿಕೊಂಡ ಮೇಲೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಲೇ ಮಗಳು ಮಾಹಿರಾಳನ್ನು ಓದಿಸಿ, ದೊಮ್ಮಲೂರಿನ ಕಂಪನಿಯೊಂದಕ್ಕೆ ಸೇರುವ ತನಕ ಬೆನ್ನು ಬಿಡದ ಹೆಂಗಸು. ಇಂಥವಳಿಗೆ ಐವತ್ತು ದಾಟಿದ ಮೇಲೆ ಒಂದು ಪ್ರಶ್ನೆ ಬಂದು ಎದುರಿಗೆ ಕೂತುಬಿಟ್ಟಿತ್ತು.

ಪ್ರಶ್ನೆ ಕಳಿಸಿದವರು ಇನಾಯತ್ ಉಲ್ಲಾ. ಅವಳ ಶಾಲೆಯಲ್ಲೇ ಡ್ರಾಯಿಂಗ್ ಮೇಷ್ಟ್ರಾಗಿದ್ದು ರಿಟೈರಾದವರು; ಹೆಂಡತಿ ಹೋಗಿ ವರ್ಷಗಳಾಗಿವೆ, ಕುಕ್ ಟೌನಿನಲ್ಲಿ ತಂಗಿ ನೂರುನ್ನೀಸಾಳ ಮನೆಯ ಮಹಡಿಯಲ್ಲಿ ವಾಸ. ಮದುವೆಯ ಮಾತನ್ನು ತಾವೇ ಎತ್ತುವ ಧೈರ್ಯ ಆ ಮನುಷ್ಯನಿಗೆಲ್ಲಿ ಬರಬೇಕು? ತಂಗಿಯನ್ನು ಕಳಿಸಿದ್ದರು. ಆಕೆ ಒಂದು ಪುಟ್ಟ ಅತ್ತರಿನ ಸೀಸೆ ಕೈಗಿಟ್ಟು, "ಭಾನುವಾರ ಸಾಯಂಕಾಲ ಬರ್ತೀನಿ. ಹೂಂ ಆದ್ರೂ ಸರಿ, ಉಹೂಂ ಆದ್ರೂ ಸರಿ, ಹೇಳ್ಬಿಡಿ. ಭಾಯಿ ಹೀಗೆ ಕಾಯ್ತಾ ಕೂರೋದು ನನ್ನ ಕೈಲಿ ನೋಡಕ್ಕಾಗಲ್ಲ," ಅಂದು ಹೋಗಿದ್ದಳು. ಬಿರಡೆ ತೆಗೆದರೆ ಅರ್ಧ ಒಪ್ಪಿದ ಹಾಗೆ ಎಂದುಕೊಂಡು ಜಹನಾರಾ ಸೀಸೆಯನ್ನು ಸೀರೆಗಳ ಹಿಂದೆ ಇಟ್ಟಿದ್ದಳು.

ಭಾನುವಾರ ಬಂದೇಬಿಟ್ಟಿತು. ಬೆಳಗಿನ ತಿಂಡಿಯ ಹೊತ್ತಿಗೆ ಮಾಹಿರಾ ಫೋನ್ ಹಿಡಿದು ಎದುರು ಕೂತಳು.

"ಅಮ್ಮೀ, ನಾನು ಮಾಡ್ಕೊಳ್ಳಿ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ಈ ಟೆಸ್ಟ್ ಒಂದು ಮಾಡಿ. ಆಫೀಸಲ್ಲಿ ಎಲ್ಲರಿಗೂ ಮಾಡಿಸ್ತೀವಿ. ನಿಮ್ಮದು ಎಂಥ ಪರ್ಸನಾಲಿಟಿ, ಹೇಗೆ ಡಿಸೈಡ್ ಮಾಡ್ತೀರ, ಎಲ್ಲಾ ಗೊತ್ತಾಗತ್ತೆ."

"ನಾನು ಎಂಥವಳು ಅಂತ ಅದು ಹೇಳ್ಬೇಕಾ?" ಎಂದು ಗೊಣಗಿದರೂ, ಪರೀಕ್ಷೆ ಅಂದಮೇಲೆ ಟೀಚರ್ ಬಿಟ್ಟಾಳೆಯೇ? ಮಾಡಿದಳು. ಜನರ ನಡುವೆ ಖುಷಿಯೋ, ಒಬ್ಬರೇ ಇದ್ದರೋ? ಮೊದಲೇ ಯೋಜನೆಯೋ, ಬಂದಾಗ ನೋಡಿಕೊಳ್ಳುವುದೋ? ನಿರ್ಧಾರ ತಲೆಯಿಂದಲೋ, ಮನಸ್ಸಿನಿಂದಲೋ? ಈ ಕೊನೆಯದನ್ನು ಆ ಟೆಸ್ಟು ಬೇರೆ ಬೇರೆ ವೇಷ ಹಾಕಿ ಮತ್ತೆ ಮತ್ತೆ ಕೇಳಿತು. ಪ್ರತಿ ಸಲವೂ ಅವಳು ತಲೆ ಎಂಬ ಉತ್ತರವನ್ನೇ ಒತ್ತಿದಳು.

"ನೀವು ಪೂರ್ತಿ ಥಿಂಕಿಂಗ್ ಟೈಪು, ಅಮ್ಮೀ. ಫೀಲಿಂಗು ಚೂರೇ ಚೂರು," ಎಂದು ಮಾಹಿರಾ ನಕ್ಕಳು.

ಜಹನಾರಾಗೆ ನಗು ಬರಲಿಲ್ಲ. ಬೇಜಾರಾಯಿತು, ಮೇಲೆ ಸಿಟ್ಟೂ ಬಂತು. ಅತ್ತರ್ ಅಂಗಡಿಯವರ ಮಗಳಿಗೆ ಫೀಲಿಂಗು ಚೂರಂತೆ!

ಶಿವಾಜಿನಗರದಲ್ಲಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಅಬ್ಬಾನ ಅಂಗಡಿ ಇತ್ತು. ನಾಲ್ಕು ಜನ ನಿಂತರೆ ಐದನೆಯವರು ಬೀದಿಯಲ್ಲಿ ನಿಲ್ಲಬೇಕು, ಅಷ್ಟೇ ಜಾಗ. ರಂಜಾನಿನಲ್ಲಂತೂ ಬೀದಿಯಲ್ಲೂ ಜಾಗವಿರುತ್ತಿರಲಿಲ್ಲ. ಆದರೂ ಅಬ್ಬಾ ಯಾರಿಗೂ ಆತುರದಲ್ಲಿ ಅತ್ತರು ಮಾರಿದವರಲ್ಲ. ಮುಂಗೈಗೆ ಒಂದು ಹನಿ ಹಚ್ಚಿ, "ಮಾರ್ಕೆಟ್ ಒಂದು ಸುತ್ತು ಹಾಕ್ಕೊಂಡು ಬನ್ನಿ," ಎಂದು ಕಳಿಸಿಬಿಡುತ್ತಿದ್ದರು. ಗಿರಾಕಿ ವಾಪಸ್ ಬಂದರೆ ಹೇಗಿದೆ ಎಂದು ಕೇಳುತ್ತಲೂ ಇರಲಿಲ್ಲ. ಊರು, ಮಕ್ಕಳು, ಮಳೆ ಎಂದು ಬೇರೇನೋ ಮಾತು ತೆಗೆದು ಅವರ ಕೈಯನ್ನೇ ನೋಡುತ್ತಿದ್ದರು. ಮಾತಿನ ಮಧ್ಯೆ ಆ ಕೈ ತಾನಾಗಿ ಮೂಗಿನ ಹತ್ತಿರ ಹೋಯಿತೋ, ಸೀಸೆ ಪೊಟ್ಟಣದೊಳಗೆ. ಘಾಟು ಜಾಸ್ತಿ, ರೇಟು ಜಾಸ್ತಿ ಎಂದು ಲೆಕ್ಕ ಒಪ್ಪಿಸಿದವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದರು. ಸ್ಟೂಲಿನ ಮೇಲೆ ಕೂತ ಪುಟ್ಟ ಜಹನಾರಾ ಗಿರಾಕಿ ಸುತ್ತು ಮುಗಿಸಿ ಇನ್ನೂ ಗಲ್ಲಿಯ ಆ ತುದಿಯಲ್ಲಿರುವಾಗಲೇ, "ಅಬ್ಬಾ, ಇವರು ತಗೊಂತಾರೆ," ಎಂದು ಪಿಸುಗುಡುತ್ತಿದ್ದಳು. ತಪ್ಪಿದ್ದು ಕಮ್ಮಿ. ಎಷ್ಟು ಸುಖದ ದಿನಗಳು ಅವು!

ಅವಳ ಮದುವೆಯ ಹೊತ್ತಿಗೆ ಮಾತ್ರ ಆ ಅಬ್ಬಾನೇ ಒಂದು ಸುತ್ತು ಹಾಕಿಕೊಂಡು ಬಾ ಅನ್ನಲಿಲ್ಲ. ಹಿರಿಯರು ಕೂತರು, ಮುಗಿಸಿದರು. ಅಬ್ದುಲ್ ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳನ್ನು ಯಾರೂ ಕೇಳಿರಲಿಲ್ಲ.

ಜಹನಾರಾ ಎದ್ದುಹೋಗಿ ಸೀರೆಗಳ ಹಿಂದಿನಿಂದ ಸೀಸೆ ತೆಗೆದಳು. ಮಾಲು ಅಸಲಿಯೋ ನಕಲಿಯೋ ನೋಡೋಣ, ಅಷ್ಟೇ, ಎಂದು ತನಗೆ ತಾನೇ ಸಬೂಬು ಹೇಳಿಕೊಂಡು ಮುಂಗೈಗೆ ಒಂದು ಹನಿ ಹಚ್ಚಿದಳು. ಲಾವಂಚ. ಅಬ್ಬಾನ ಅಂಗಡಿಯ ಕದ ತೆರೆದ ಕೂಡಲೇ ಎದುರಾಗುತ್ತಿದ್ದ ವಾಸನೆ. ಶಾಲೆಯ ಸ್ಟಾಫ್ ರೂಮಿನಲ್ಲಿ ಯಾವತ್ತೋ ಒಮ್ಮೆ ಈ ವಾಸನೆಯ ಮಾತು ಆಡಿದ್ದಳು; ಮೇಷ್ಟ್ರು ಅದನ್ನು ನೆನಪಿಟ್ಟುಕೊಂಡಿದ್ದಾರೆ.

ಸಾಯಂಕಾಲಕ್ಕೆ ಹಣ್ಣು ಬೇಕಿತ್ತು. ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋದಳು. ಅಬ್ಬಾನ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ನೇತಾಡುತ್ತಿದ್ದವು. ಎದುರಿಗೆ ಸ್ವಲ್ಪ ಹೊತ್ತು ನಿಂತು, ಹಣ್ಣಿನವನ ಕಡೆ ನಡೆದಳು. ಸಪೋಟಾ ಆರಿಸುತ್ತಿರುವಾಗ ತಲೆ ತನ್ನ ಕೆಲಸ ಶುರು ಮಾಡಿತು: ಜನ ಏನಂದಾರು? ಮಗಳ ಮದುವೆಗೆ ಮುಂಚೆ ತಾಯಿಯದೇ? ಇಷ್ಟು ವರ್ಷ ಒಬ್ಬಳೇ ಇದ್ದವಳಿಗೆ ಇನ್ನೊಬ್ಬರ ಚಪ್ಪಲಿ ಬಾಗಿಲಲ್ಲಿ ನೋಡಿ ಒಗ್ಗೀತೇ? ಬೇಡ ಎನ್ನುವುದಕ್ಕೆ ಕಾರಣ ಎಷ್ಟು ಬೇಕಾದರೂ ಸಿಕ್ಕವು. ಬೇಕು ಎನ್ನುವುದಕ್ಕೆ ಒಂದೂ ಹೊಳೆಯಲಿಲ್ಲ. ಹಾಗಾದರೆ ಉಹೂಂ ಅನ್ನುವುದೇ ಸರಿ ಎಂದುಕೊಂಡು ಮನೆ ಸೇರಿದಳು.

ಮಾಹಿರಾ ಚೀಲ ಇಸಿದುಕೊಂಡಳು. ಜಹನಾರಾ ಸೋಫಾದಲ್ಲಿ ಕೂತು ಬಸ್ಸಿನ ರಶ್ಶನ್ನೂ ಸಪೋಟಾದವನ ಜೊತೆ ಚೌಕಾಸಿ ಮಾಡಿದ್ದನ್ನೂ ಹೇಳತೊಡಗಿದಳು.

"ಅಮ್ಮೀ, ಕೈಗೇನಾಯ್ತು?"

"ಏನೂ ಆಗಿಲ್ವಲ್ಲ."

"ಮತ್ತೆ, ಬಂದಾಗಿಂದ ಮೂಸ್ತಾನೇ ಇದೀರಲ್ಲ."

ಜಹನಾರಾ ಕೈ ನೋಡಿಕೊಂಡಳು. ಮುಂಗೈ ಇನ್ನೂ ಮೂಗಿನ ಹತ್ತಿರವೇ ಇತ್ತು. ಬಸ್ಸಿನಲ್ಲಿ, ಹಣ್ಣಿನವನ ಮುಂದೆ, ಮೆಟ್ಟಿಲು ಹತ್ತುವಾಗ, ಎಷ್ಟು ಸಲ ಹೀಗಾಗಿತ್ತೋ ಅವಳಿಗೇ ಗೊತ್ತಿಲ್ಲ. ನಗು ಬಂತು, ಜೊತೆಗೆ ಕಣ್ಣೂ ತುಂಬಿತು.

"ನಿಮ್ಮ ನಾನಾ, ನಮ್ಮ ಅಬ್ಬಾ, ಇದ್ದಿದ್ರೆ ಇಷ್ಟೊತ್ತಿಗೆ ಪೊಟ್ಟಣ ಕಟ್ಟಿರ್ತಿದ್ರು," ಅಂದಳು.

"ಏನಂದ್ರಿ?"

"ನೂರುನ್ನೀಸಾಗೆ ಫೋನ್ ಮಾಡು, ಬೇಟಾ. ಸಾಯಂಕಾಲ ಒಬ್ಬರೇ ಬರೋದು ಬೇಡ, ಅವರ ಭಾಯೀನೂ ಕರ್ಕೊಂಡು ಬರ್ಲಿ ಅನ್ನು."