ಚಿಪ್ಪಿನ ತುಟಿಯ ಮೇಲಿನ ಚುಕ್ಕಿ

ಎಲ್ಲಿ ಬಾಗುತ್ತದೆ ಈ ತುಟಿ, ಇಲ್ಲಿಯೋ, ಒಂದು ಕೂದಲೆಳೆ ಕೆಳಗೋ — ಕಂಪ್ಯೂಟರಿನ ಪರದೆಯ ಮೇಲೆ ಬಸವನಹುಳುವಿನ ಚಿಪ್ಪು ರೊಟ್ಟಿಯಷ್ಟು ದೊಡ್ಡದಾಗಿ ಕೂತಿದೆ, ತುದಿ ಸ್ಪಷ್ಟ, ಸುರುಳಿಗಳ ಸಂದು ಸ್ಪಷ್ಟ, ಬಾಯಿಯ ತುಟಿ ಮಾತ್ರ ಮೂಲೆಯೇ ಇಲ್ಲದೆ ನಯವಾಗಿ ಹೊರಳಿ ಹೋಗುತ್ತದೆ, ಅದು ಹೊರಳುವ ಜಾಗದಲ್ಲಿ ಒಂದು ಕೆಂಪು ಚುಕ್ಕಿ ಇಡಬೇಕು, ಇಷ್ಟೇ ಕೆಲಸ, ಇಷ್ಟು ದಿನ ಕಣ್ಣು ಮುಚ್ಚಿ ಮಾಡಿದವಳಿಗೆ ಇವತ್ತು ಬೆರಳು ಹೆದರುತ್ತಿದೆ. ಲಕ್ಕುಂಡಿ ಬಾವಿಯ ಚಿಪ್ಪು ನನ್ನ ಪಾಲು, ಮುಂಡರಗಿ ಕೆರೆಯದು ಜೊತೆಗೆ ಓದುವ ಫರ್ಹಾನಾಳ ಪಾಲು, ಹಾಗೆ ಹಂಚಿದವಳು ನಾನೇ, ಅಪ್ಪ ಮತ್ತು ಕಾಕಾ ಹೊಲ ಹಂಚಿಕೊಂಡ ಹಾಗೆ, ನಡುವೆ ಬದು ಹಾಕಿದರೆ ಜಗಳವಿಲ್ಲ, ನಮ್ಮೂರಿಂದು ನನಗ ನಿಮ್ಮೂರಿಂದು ನಿನಗ ಅಂದಿದ್ದೆ, ಆತು ಬಿಡ ಕಾಂಚನಾ ಎಂದು ಅವಳೂ ನಕ್ಕಿದ್ದಳು, ಎಷ್ಟು ಚಂದ ಅನಿಸಿತ್ತು ಆಗ. ಚುಕ್ಕಿಗಳಿಂದ ಚಿಪ್ಪಿನ ಆಕಾರದ ಲೆಕ್ಕ ಹಾಕಿದರೆ ಗ್ರಾಫಿನಲ್ಲಿ ಎರಡು ಊರು ಎರಡು ಗುಂಪಾಗಿ ನಿಂತವು, ನಡುವೆ ಚಕ್ಕಡಿ ಹೋಗುವಷ್ಟು ಜಾಗ, ನಮ್ಮ ಗೈಡ್ ಸಿದ್ದಲಿಂಗೇಶ ಸರ್ ಕುರ್ಚಿಯಿಂದ ಎದ್ದೇಬಿಟ್ಟರು, ಹುಳದ ಆಕಾರನ ಬ್ಯಾರೆ ಐತೆವಾ, ಇದೇನ್ ಸಣ್ಣ ಮಾತಲ್ಲ, ಜಲ್ದಿ ಪೇಪರ್ ಬರೀರಿ. ಇವತ್ತು ಮಧ್ಯಾಹ್ನ ಧಾರವಾಡದ ಯುನಿವರ್ಸಿಟಿಯಿಂದ ನಮ್ಮ ಕೆಲಸ ನೋಡಲು ಬರುವವರಿಗೂ ಅದನ್ನೇ ತೋರಿಸಬೇಕು.

ನಿನ್ನೆ ಸುಮ್ಮನೆ ಊಟ ಮಾಡಿಕೊಂಡು ಇರಬಾರದಿತ್ತೇ, ಖಾಲಿ ಲ್ಯಾಬಿನಲ್ಲಿ ಕೂತು ಅವಳ ಮುಂಡರಗಿ ಚಿಪ್ಪುಗಳಿಗೆ ನಾನು ಚುಕ್ಕಿ ಇಟ್ಟೆ, ಒಂದಾದ ಮೇಲೊಂದು, ಎಲ್ಲವೂ ಬದು ದಾಟಿ ಬಂದು ಲಕ್ಕುಂಡಿಯ ಗುಂಪಿನೊಳಗೆ ಕೂತವು, ಹಾಗಾದರೆ ಬೇರೆಯಾಗಿರುವುದು ಹುಳವೋ ನಮ್ಮ ಕೈಯೋ, ಇಷ್ಟು ದಿನ ನಾವು ಅಳೆದದ್ದು ಏನನ್ನು. ನನ್ನ ಚಿಪ್ಪಿಗೇ ಮತ್ತೆ ಚುಕ್ಕಿ ಇಟ್ಟು ನೋಡಿದೆ, ಮೊದಲಿನ ಜಾಗದಿಂದ ಅದೂ ಸರಿಯುತ್ತದೆ, ಆದರೆ ತುಸುವೇ, ಅವಳಷ್ಟು ದೂರವಲ್ಲ — ಅವಳು ಕೆಳಗಿಟ್ಟಳೋ ನಾನು ಮೇಲಿಟ್ಟೆನೋ, ಮೂಲೆಯೇ ಇಲ್ಲದ ಮೇಲೆ ಸರಿ ತಪ್ಪು ಹೇಳುವವರು ಯಾರು. ಇಬ್ಬರೂ ಎರಡೂ ಊರಿನದನ್ನು ಅಳೆಯಬೇಕಿತ್ತು, ಯಾವ ಊರಿನದೆಂದು ತಿಳಿಯದೆ, ಒಂದೇ ಚಿಪ್ಪನ್ನು ಮತ್ತೆ ಮತ್ತೆ, ಆಗ ಕೈಯ ತಪ್ಪು ಎಷ್ಟು, ಹುಳದ ಫರಕು ಎಷ್ಟು ಎಂದು ಬಿಡಿಸಬಹುದಿತ್ತು, ಈಗ ಎರಡೂ ಕಲಸಿ ಹೋಗಿವೆ, ಯಾವುದು ಯಾವುದೋ ತಿಳಿಯುತ್ತಿಲ್ಲ ನನಗೆ. ಪೇಪರ್ ಬಂದ್ರ ಮುಂದ ಓದು, ಇಲ್ಲಂದ್ರ ನಿಕಾ, ನಮ್ಮ ಅಬ್ಬಾ ಒಂದ ಮಾತ ಹೇಳ್ಯಾರ ನೋಡ, ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಅವಳು ಹೇಳಿದ್ದು, ಹೇಳಿ ಆಚೆ ತಿರುಗಿ ಮೂಗು ಒರೆಸಿಕೊಂಡಳು, ಈಗ ನಾನು ಬಾಯಿ ಬಿಟ್ಟರೆ ಅವಳ ಓದು ಮುಗಿಯಿತು, ಬಿಡದಿದ್ದರೆ ಇಬ್ಬರ ಹೆಸರಿನಲ್ಲಿ ಒಂದು ಸುಳ್ಳು, ಅಕ್ಕಿ ಮೇಲೂ ಆಸೆ ನೆಂಟರ ಮೇಲೂ ಪ್ರೀತಿ. ಹೆದರಿಕೆಯಾಗುತ್ತಿದೆ. ತಡಿ, ನನ್ನ ಕೈಯೇ ಸುಳ್ಳು ಹೇಳುತ್ತಿರಬಹುದು, ಅವಳಿಗೂ ಒಂದು ಕೊಟ್ಟು ನೋಡೋಣ, ಲಕ್ಕುಂಡಿಯದು, ಊರ ಹೆಸರು ತೆಗೆದು, ಅವಳ ಚುಕ್ಕಿಯೂ ಲಕ್ಕುಂಡಿಯಲ್ಲೇ ಕೂತರೆ ಹುಳವೇ ಬೇರೆ, ನಾನು ಬಚಾವು.

ಬಾಗಿಲು, ಚಪ್ಪಲಿಯ ಸಪ್ಪಳ, ಗಿರ್ಮಿಟ್ಟಿನ ವಾಸನೆ, ತಿನ್ನಲೇ, ಚುರಮರಿ ಮೆತ್ತಗಾಗತೈತಿ ಅನ್ನುತ್ತಾಳೆ ಫರ್ಹಾನಾ, ಮೊದ್ಲ ಇದಕ್ಕೊಂದು ಚುಕ್ಕಿ ಇಡು, ಉಳಿದಾವೆಲ್ಲಾ ಇಟ್ಟೇನಿ, ತುಟೀದೊಂದ ಉಳದೈತಿ ಅನ್ನುತ್ತೇನೆ, ಯಾವೂರಿಂದಲೇ ಇದು ಅನ್ನುತ್ತಾಳೆ, ಮೊದ್ಲ ಇಡು ನೀ. ದುಪಟ್ಟಾಕ್ಕೆ ಕೈ ಒರೆಸಿ ಕೂತಳು, ಒಂದು ಕ್ಷಣವೂ ತಡೆಯಲಿಲ್ಲ, ನಾನೆಂದೂ ಇಡದ ಜಾಗದಲ್ಲಿ, ಅಷ್ಟು ಕೆಳಗೆ, ನೇರವಾಗಿ ಇಟ್ಟಳು, ಗ್ರಾಫಿನಲ್ಲಿ ಅದು ಹೋಗಿ ಮುಂಡರಗಿಯ ನಟ್ಟನಡುವೆ ನಿಂತಿತು. ನೋಡಲೇ ಕಾಂಚನಾ, ನಮ್ಮೂರಿಂದು, ದೂರಿಂದನ ಗುರ್ತ ಹತ್ತತೈತಿ. ನಗುತ್ತಿದ್ದಾಳೆ, ಎಷ್ಟು ಖುಷಿ ಆ ಮುಖದಲ್ಲಿ, ನಿಮ್ಮೂರಿನದಲ್ಲ ಫರ್ಹಾನಾ, ನಮ್ಮ ಬಾವಿಯ ಕೊನೆಯ ಮೆಟ್ಟಿಲಿನಿಂದ ನಾನೇ ಬಿಡಿಸಿ ತಂದದ್ದು, ಹೇಳಬೇಕು, ಈಗಲೇ, ಬೇರೆಯಾಗಿದ್ದು ಹುಳವಲ್ಲ, ನಮ್ಮ ಕೈ, ಗಿರ್ಮಿಟ್ಟಿನ ಪೊಟ್ಟಣ ನನ್ನ ಕಡೆ ಸರಿಸುತ್ತಾಳೆ, ನಾನು ಪರದೆಯನ್ನೇ ನೋಡುತ್ತೇನೆ, ತುಟಿ, ಎಲ್ಲೂ ಮೂಲೆಯಿಲ್ಲದ ತುಟಿ, ಅದರ ಮೇಲೆ ಅವಳ ಕೆಂಪು ಚುಕ್ಕಿ, ಅವಳ ಚುಕ್ಕಿ —