ಗುಡ್ಡದ ಗಡಿಗೆ, ಹಳ್ಳದ ಗಡಿಗೆ

ಸೇಡಂ ರಸ್ತೆಯಲ್ಲಿ ಸೇಂದಿ ಅಂಗಡಿ ಇಟ್ಟಿದ್ದ ಮಾಪಣ್ಣನಿಗೆ ತನ್ನ ನಾಲಿಗೆಯ ಮೇಲಿದ್ದಷ್ಟು ಅಭಿಮಾನ ಮೀಸೆಯ ಮೇಲೂ ಇರಲಿಲ್ಲ. ಒಂದು ಗುಟುಕು ಸಾಕು, ಈಚಲ ಮರ ಯಾವ ಮಣ್ಣಿನಲ್ಲಿ ನಿಂತಿದೆ ಎಂದು ಹೇಳಿಬಿಡುತ್ತೇನೆ ಎನ್ನುತ್ತಿದ್ದ. ಪೊಲೀಸ್ ಆ್ಯಕ್ಷನ್ ಆದ ಮರುವರ್ಷ, ಕಲ್ಲು ಮಣ್ಣು ಪರೀಕ್ಷಿಸುವ ಸರ್ಕಾರಿ ಸಾಹೇಬನೊಬ್ಬ ಅಂಗಡಿಗೆ ಬಂದು, ಈ ಸೀಮೆಯ ಕಪ್ಪು ಎರೆಮಣ್ಣೆಲ್ಲ ಭೂಮಿ ಕಕ್ಕಿದ ಬೆಂಕಿಯಿಂದ ಆದದ್ದು ಎಂದು ಹೇಳಿ ಹೋದ. ಅಂದಿನಿಂದ ಮಾಪಣ್ಣನನ್ನು ಹಿಡಿಯುವವರೇ ಇಲ್ಲ. ಗಿರಾಕಿಗೆ ಸೇಂದಿಗಿಂತ ಮೊದಲು ಬೆಂಕಿಯ ಕಥೆ ಕುಡಿಸುತ್ತಿದ್ದ.

ಅವನ ಅಂಗಡಿಗೆ ಕಮಲಾಪುರದಿಂದ ಮೋಟಾರಿನಲ್ಲಿ ಸೇಂದಿ ಗಡಿಗೆ ಕಳಿಸುವವಳು ಶೇವಂತಾ. ಗಂಡ ತೀರಿದ ಮೇಲೂ ಈಚಲ ಬನದ ಗುತ್ತಿಗೆ ಬಿಡದೆ ನಡೆಸಿದ ಗಟ್ಟಿಗಿತ್ತಿ. ಮಾಪಣ್ಣನೂ ಹೆಂಡತಿ ಕಳೆದುಕೊಂಡವನೇ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಿತ್ತು, ಸೀರೆ ಉಡಿಸಿ ಉಡಕಿ ಮದುವೆ ಮಾಡಿಕೊಳ್ಳಲು ಹಿರಿಯರ ಒಪ್ಪಿಗೆಯೂ ಇತ್ತು. ಅಡ್ಡಿ ಒಂದೇ. ಅವನು ಅಂಗಡಿ ಬಿಡುವವನಲ್ಲ, ಅವಳು ಬನ ಬಿಡುವವಳಲ್ಲ.

ಒಂದು ದಿನ ಖಾಲಿ ಗಡಿಗೆ ಒಯ್ಯಲು ಬಂದ ಶೇವಂತಾಳ ಎದುರಿಗೇ ಮಾಪಣ್ಣ ಶುರು ಹಚ್ಚಿಕೊಂಡ.

"ನಿಮ್ಮ ಗುಡ್ಡದ ಕೆಂಪು ಮಣ್ಣಿನ ಸೇಂದಿ ಬರೇ ಹುಳಿ. ನಮ್ಮ ಶರಣಸಿರಸಗಿ ಊರಿನ ಎರಿದು ನೋಡು, ಬೆಂಕ್ಯಾಗ ಹುಟ್ಟಿದ ಮಣ್ಣಿಂದು!"

"ಬೆಂಕ್ಯಾಗ ಹುಟ್ಟಿದ್ದು ಇಷ್ಟ್ಯಾಕ ನೀರ ನೀರ ಅದರೀ? ಗಡಿಗಿ ತುಂಬತದ, ರುಚಿ ಇಲ್ಲ. ಥೇಟ್ ನಿಮ್ಮ ಮಾತಿನಂಗ."

ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಪಣ್ಣನ ಕಿವಿ ಕೆಂಪಾಯಿತು.

"ನಿಮ್ಮೂರಾಗ ಎರಿನೂ ಅದ, ಕೆಂಪೂ ಅದ. ಎರಡೂ ಕುಡಿಸು, ಯಾವ್ದು ಯಾವ ಮಣ್ಣಿಂದು ಹೇಳ್ತೇನಿ. ತಪ್ಪು ಹೇಳಿದ್ರ ಅಂಗಡಿ ತಮ್ಮಗ ಕೊಟ್ಟು ಅಲ್ಲೇ ಬಂದಿರ್ತೇನಿ."

"ಖರೆ ಹೇಳಿದ್ರ ನಾ ಬನ ಬಿಟ್ಟು ಇಲ್ಲೇ ಬರ್ತೇನಿ," ಎಂದು ಶೇವಂತಾಳೂ ಅಂದುಬಿಟ್ಟಳು. ಅಂದ ಮೇಲೆ ಇಬ್ಬರ ಮುಖವೂ ಸಪ್ಪಗಾಯಿತು. ಆದರೆ ನಾಲ್ಕು ಮಂದಿ ಕೇಳಿಯಾಗಿತ್ತು.

ಸೋಮವಾರ ನಸುಕಿನಲ್ಲೇ ಮಾಪಣ್ಣ ಕಮಲಾಪುರದ ಬನದಲ್ಲಿ ಹಾಜರು. ಶೇವಂತಾಳ ಸೋದರತ್ತೆ ಭೀಮಬಾಯಿ, ಆಗಷ್ಟೇ ಮರದಿಂದಿಳಿಸಿದ ಎರಡು ಗಡಿಗೆ ತಂದಿಟ್ಟಳು. ಒಂದು ಹಳ್ಳದ ದಂಡೆಯ ಎರೆಮಣ್ಣಿನ ಮರದ್ದು, ಇನ್ನೊಂದು ಗುಡ್ಡದ ಕೆಂಪು ಮಣ್ಣಿನದು. ಯಾವುದು ಯಾವುದೆಂದು ಮುದುಕಿಗೆ ಮತ್ತು ಶೇವಂತಾಳಿಗೆ ಮಾತ್ರ ಗೊತ್ತು.

ಮಾಪಣ್ಣ ಮೊದಲನೆಯದನ್ನು ಕುಡಿದ. ಹುಳಿ ಇಲ್ಲ. ಎರಡನೆಯದರಲ್ಲೂ ಇಲ್ಲ. ಮೋಟಾರಿನಲ್ಲಿ ಬಿಸಿಲು ತಿಂದು ಹುಳಿತದ್ದನ್ನೇ ತಾನು ಇಷ್ಟು ವರ್ಷ ಕೆಂಪು ಮಣ್ಣಿನ ಗುಣ ಎಂದು ಸಾರಿದ್ದೆ ಎಂಬುದು ಹೊಳೆದು ಅವನಿಗೆ ನಾಚಿಕೆಯಾಯಿತು. ಮತ್ತೆ ಕುಡಿದ. ಮೊದಲನೆಯದು ತೆಳ್ಳಗೆ, ಸಲೀಸಾಗಿ ಗಂಟಲಿಗಿಳಿಯಿತು. ನೀರು ಹಿಡಿದಿಡುವ ಎರೆಯಲ್ಲಿ ಮರ ಕುಡಿದದ್ದೆಲ್ಲ ಗಡಿಗೆಗೆ ಬಂದಿದೆ. ಎರಡನೆಯದು ಮಂದ, ಜೇನಿನಷ್ಟು ಸಿಹಿ, ಕೊನೆಗೆ ನಾಲಿಗೆಯ ಮೇಲೆ ತುಸು ಕಬ್ಬಿಣದ ಒಗರು. ನೀರು ನಿಲ್ಲದ ಗುಡ್ಡದಲ್ಲಿ ಮರ ಹಟ ಹಿಡಿದು ಕೂಡಿಟ್ಟದ್ದು. ಅನುಮಾನಕ್ಕೆ ಜಾಗವೇ ಇಲ್ಲ. ಗೆದ್ದೆ ಎಂದುಕೊಂಡ.

ತಲೆ ಎತ್ತಿದರೆ ಶೇವಂತಾ ಅವನತ್ತ ನೋಡುತ್ತಿರಲಿಲ್ಲ. ಈಚಲ ಬೊಡ್ಡೆಯೊಂದಕ್ಕೆ ಕೈ ಊರಿ, ಬನದ ಕಡೆ ಮುಖ ಮಾಡಿ ನಿಂತಿದ್ದಳು. ಮಾಪಣ್ಣ ಗುಡ್ಡದ ಗಡಿಗೆಯನ್ನೇ ಮುಂದಕ್ಕೆ ಸರಿಸಿದ.

"ಈ ಸಿಹಿದು ಎರಿದು. ಬೆಂಕಿ ಮಣ್ಣು ಅಂದ್ರ ಹಿಂಗೇ ಇರ್ತದ," ಎಂದ, ಹಳೆಯ ಗತ್ತಿನಲ್ಲೇ.

"ಸೋತ್ಯೋ ತಮ್ಮಾ!" ಎಂದು ಭೀಮಬಾಯಿ ಚಪ್ಪಾಳೆ ತಟ್ಟಿದಳು. ಶೇವಂತಾ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸೇಡಂ ರಸ್ತೆಯ ತುಂಬ ಸುದ್ದಿ ಹಬ್ಬಿತು. ಅಂಗಡಿ ತಮ್ಮನಿಗೆ ಒಪ್ಪಿಸಲು ಹೋದ ದಿನ, "ಮಾಪಣ್ಣ, ನಾಲಿಗಿ ಎಲ್ಲಿ ಅಡವಿಟ್ಟಿ?" ಎಂದು ಗಿರಾಕಿಗಳು ಕಾಡಿದರು. ಹುಡುಗರೂ ಬಿಡಲಿಲ್ಲ. ಅವನಿಗೆ ಉರಿಯಿತು, ಆದರೂ ತಲೆ ತಗ್ಗಿಸಿ ತಮ್ಮನ ಕೈಗೆ ಬೀಗದ ಕೈ ಇಟ್ಟ.

ಉಡಕಿಯಾದ ಮರುದಿನ ಮುಂಜಾನೆ ಶೇವಂತಾ ತಂಬಿಗೆಯಲ್ಲಿ ಸೇಂದಿ ತಂದುಕೊಟ್ಟಳು. ಮಾಪಣ್ಣ ನಿದ್ದೆಗಣ್ಣಿನಲ್ಲೇ ಒಂದು ಗುಟುಕು ಕುಡಿದ.

"ಹಳ್ಳದ ದಂಡಿದು ಯಾಕ ಕೊಟ್ಟಿ? ಗುಡ್ಡದ್ದು ತಾ."

ಹೇಳಿದ ಮೇಲೆಯೇ ಅವನಿಗೆ ಪೂರ್ತಿ ಎಚ್ಚರವಾಯಿತು. ಶೇವಂತಾ ಅವನನ್ನೇ ನೋಡುತ್ತ ನಿಂತಳು.

"ಮಂದಿ ಅಷ್ಟು ನಗಾಕತ್ತಿದ್ರಲ್ರೀ," ಎಂದಳು ಕಡೆಗೆ, ಸಣ್ಣ ದನಿಯಲ್ಲಿ.

"ನಗಲಿ ಬಿಡು," ಎಂದ ಮಾಪಣ್ಣ.