ತಿಕಾಂಗಳ ಉಪ್ಪುಕಾಯಿ

ಇಸ್ಯಾಂಗ್ ತನ್ನ ಮನೆ ಹಿತ್ತಲಲ್ಲಿ ಕತ್ತರಿ ಹಿಡಿದು ಕಲಮನ್ಸಿ ಕೊಯ್ಯುತ್ತಿದ್ದಳು. ನಿಂಬೆ ಜಾತಿಯ, ಗೋಲಿಗಿಂತ ತುಸು ದೊಡ್ಡದಾದ ಹಸಿರು ಹುಳಿಕಾಯಿ. ಒಂದೊಂದನ್ನೇ ಎಡಗೈಯಲ್ಲಿ ಹಿಡಿದು, ಚೂರು ತೊಟ್ಟು ಕಾಯಿಯಲ್ಲೇ ಉಳಿಯುವಂತೆ ಕತ್ತರಿಸಿ, ಸದ್ದಾಗದಂತೆ ಬುಟ್ಟಿಗೆ ಇಳಿಸುತ್ತಿದ್ದಳು. ಮುಳ್ಳು ಮೊಣಕೈ ಗೀರಿತು.

ಅವಳ ಹಿಂದೆ, ಅದೇ ಮರದ ನೆರಳಿನಲ್ಲಿ, ಚರ್ಚಿನ ಮಹಿಳಾ ಸಂಘದ ಎಂಟು ಹೆಂಗಸರು ಕೂತಿದ್ದರು. ‘ಹಿತ್ತಲ ಕಲಮನ್ಸಿಯ ನಲವತ್ತು ಉಪಯೋಗ’ ಅಂತ ಸಂಘದಿಂದ ಒಂದು ಪುಸ್ತಕ ಅಚ್ಚು ಹಾಕಿಸುವುದಿತ್ತು. ಬರೆದುಕೊಳ್ಳುತ್ತಿದ್ದವಳು ಸಂಘದ ಅಧ್ಯಕ್ಷೆ ಉರ್ಸುಲಾ. ಇಸ್ಯಾಂಗಳ ಅಪ್ಪನಿಗೆ ದೂರದಲ್ಲಿ ಅಕ್ಕ ಆಗಬೇಕು. ಹಾಗಾಗಿ ಇಸ್ಯಾಂಗಳಿಗೆ ‘ತಿಯಾ’, ಅಂದರೆ ಅತ್ತೆ.

“ಮೀನು ಮುಟ್ಟಿದ ಕೈಗೆ ಉಜ್ಜಿದ್ರೆ ವಾಸನೆ ಹೋಗತ್ತೆ, ಬರ್ಕೊಳ್ಳಿ,” ಅಂದಳು ಮೀನು ಮಾರುವ ಬೆಬಾಂಗ್. “ಇಲ್ದಿದ್ರೆ ನನ್ನ ಗಂಡ ಹತ್ರಾನೇ ಸುಳೀತಿರ್ಲಿಲ್ಲ.”

“ಪಾದ್ರಿಗಳೂ ಓದೋ ಪುಸ್ತಕ ಕಣೇ ಅದು!” ತಿಯಾ ಗದರಿದಳು.

“ಹಂಗಾದ್ರೆ ‘ಸಂಸಾರಕ್ಕೆ ಒಳ್ಳೇದು’ ಅಂತ ಬರೀರಿ.”

ಹೆಂಗಸರು ಬಿದ್ದು ಬಿದ್ದು ನಕ್ಕರು. ಕೆಮ್ಮಿಗೆ ಜೇನಿನ ಜೊತೆ, ತಲೆಯ ಹೊಟ್ಟಿಗೆ, ಕಂಕುಳ ಕಪ್ಪಿಗೆ, ಹುರಿದ ಶಾವಿಗೆ ಮೇಲೆ ಹಿಂಡೋದಕ್ಕೆ, ಮೆಣಸಿನಕಾಯಿ ಜಜ್ಜಿ ಸೋಯಾ ರಸದಲ್ಲಿ ಕಲಸಿ ಸುಟ್ಟ ಮೀನಿಗೆ ನಂಚಿಕೊಳ್ಳೋದಕ್ಕೆ. ಒಬ್ಬೊಬ್ಬಳು ಒಂದೊಂದು ಹೇಳಿದಳು.

“ಬಿಳಿ ಬಟ್ಟೆ ಮೇಲಿನ ತುಕ್ಕಿನ ಕಲೆಗೆ ಉಪ್ಪು ಸೇರಿಸಿ ಉಜ್ಜಿ ಬಿಸಿಲಿಗೆ ಹಾಕೋದು. ಇದು ನಂದು,” ಅಂತ ತಿಯಾ ಉರ್ಸುಲಾ ತಾನೇ ಬರೆದುಕೊಂಡಳು.

ಇಸ್ಯಾಂಗಳ ಕತ್ತರಿ ಒಂದು ಗಳಿಗೆ ನಿಂತಿತು. ತಿಯಾ ಹುಟ್ಟಿದಾರಭ್ಯ ತನ್ನ ಕರ್ಚೀಫನ್ನೂ ಒಗೆದವಳಲ್ಲ. ಆ ಮನೆಯ ಹಾಸಿಗೆ ಬಟ್ಟೆಯನ್ನೆಲ್ಲ ಹದಿನೈದು ವರ್ಷ ಒಗೆದವಳು ಇಸ್ಯಾಂಗಳ ಅಮ್ಮ ತಿಕಾಂಗ್. ಬೆರಳ ಸೀಳುಗಳಿಗೆ ಉಪ್ಪು, ಹುಳಿ ಇಳಿದು ಊಟದ ಹೊತ್ತಿಗೆ ಬಿಸಿ ಅನ್ನ ಮುಟ್ಟಲಾರದೆ ಅಳುತ್ತಿದ್ದಳು. ಈ ಮರ ನೆಟ್ಟವಳೂ ಅವಳೇ. ಅವಳು ಹಾಸಿಗೆ ಹಿಡಿದಾಗ ಇಸ್ಯಾಂಗ್ ಆರನೇ ಕ್ಲಾಸಿಗೆ ಶಾಲೆ ಬಿಟ್ಟಳು. ಸತ್ತು ಎರಡು ವರ್ಷವಾಗಿತ್ತು.

“ಮೂವತ್ತೊಂಬತ್ತಾಯ್ತು. ಇನ್ನೊಂದು ಬೇಕು,” ಅಂದಳು ತಿಯಾ.

“ಇಸ್ಯಾಂಗ್, ನಿಮ್ಮಮ್ಮ ಗಂಟಲಿಗೆ ಉಪ್ಪುಕಾಯಿ ಹಾಕ್ತಿದ್ಳಲ್ಲ, ಹೆಂಗೇ ಅದು?” ಬೆಬಾಂಗ್ ಕೇಳಿದಳು.

ಎಂಟು ಮುಖಗಳು ಒಟ್ಟಿಗೆ ತಿರುಗಿದ್ದಕ್ಕೆ ಇಸ್ಯಾಂಗಳ ಕಿವಿ ಬಿಸಿಯಾಯಿತು. ಆದರೂ ಹೇಳಿದಳು. “ಕೈಯಲ್ಲಿ ಕೀಳ್ಬಾರ್ದು, ಕತ್ತರೀಲೇ ಕೊಯ್ಬೇಕು. ತೊಳ್ದು, ನೀರಿನ ಪಸೆ ಇಲ್ದಂಗೆ ಒಣಗಿಸ್ಬೇಕು. ಗಾಜಿನ ಭರಣೀಲಿ ಒಂದು ಪದರ ಕಾಯಿ, ಒಂದು ಪದರ ಕಲ್ಲುಪ್ಪು. ಆರು ವಾರ ಬಿಸಿಲು. ಕಾಯಿ ಕಂದು ಬಣ್ಣಕ್ಕೆ ತಿರುಗ್ಬೇಕು. ಆಮೇಲೆ ಒಂದು ಕಾಯಿ ಬಿಸಿನೀರಲ್ಲಿ ಹಿಸುಕಿ ಕುಡಿಯೋದು.”

“ಕತ್ತರಿಯಾ?” ತಿಯಾ ಪೆನ್ನು ಎತ್ತಿದಳು. “ಕಲಮನ್ಸಿಗೇನು ಕ್ಷೌರ ಮಾಡಿಸ್ಬೇಕೇನೇ?”

ಮತ್ತೆ ನಗು. ಕಿತ್ತರೆ ತೊಟ್ಟಿನ ಹತ್ತಿರ ಸಿಪ್ಪೆ ಹರಿಯುತ್ತದೆ, ಹರಿದ ಕಾಯಿಗೆ ಬೂಷ್ಟು ಹಿಡಿಯುತ್ತದೆ ಅನ್ನುವ ಮಾತು ಇಸ್ಯಾಂಗಳ ನಾಲಗೆಯ ತುದಿಯವರೆಗೆ ಬಂದು ಆ ನಗುವಿಗೆ ಹಿಂದೆ ಸರಿಯಿತು. ಹೆಂಗಸರು ಹೋದಮೇಲೆ ಬುಟ್ಟಿಯ ಕಾಯಿ ಒಣಗಿಸಿ ತಾನೂ ಒಂದು ಭರಣಿ ತುಂಬಿಟ್ಟಳು.

ಎರಡು ವಾರಕ್ಕೆ ಪುಸ್ತಕ ಬಂತು. ಇಸ್ಯಾಂಗ್ ಒಲೆಯ ಮುಂದೆ ಕೂತು ಬೆರಳಿಟ್ಟು ಓದಿದಳು. ನಲವತ್ತನೆಯದು ಕೊನೆಯ ಪುಟದಲ್ಲಿತ್ತು: ‘ಗಂಟಲಿಗೆ ಉಪ್ಪುಕಾಯಿ. ಶ್ರೀಮತಿ ಉರ್ಸುಲಾ ಮಗ್ಬನುವಾ ಅವರ ಅಡುಗೆಮನೆಯಿಂದ.’ ಕೆಳಗೆ, ‘ತಾಜಾ ಕಾಯಿಗಳನ್ನು ಕಿತ್ತುಕೊಳ್ಳಿ.’ ಅಮ್ಮನ ಹೆಸರಿಗೆಂದು ಹಿಂದೆ ಮುಂದೆ ತಿರುವಿ ಹಾಕಿದಳು. ಪುಸ್ತಕ ಅಚ್ಚು ಹಾಕಿದವನ ಹೆಸರಿತ್ತು, ಪಾದ್ರಿಗಳ ಹೆಸರಿತ್ತು, ಮುಖಪುಟಕ್ಕೆ ಚಿತ್ರ ಬರೆದ ಹುಡುಗಿಯ ಹೆಸರೂ ಇತ್ತು.

“ನೋಡಪ್ಪ,” ಅಂತ ಅಪ್ಪನ ಮುಂದೆ ಹಿಡಿದಳು.

ಅಪ್ಪ ಬಲೆ ಹೆಣೆಯುತ್ತಿದ್ದ. “ಹೋಗ್ಲಿ ಬಿಡು ಮಗಾ. ಉಪ್ಪು ಹುಳಿಗೆಲ್ಲ ಯಾರು ಹಕ್ಕು ಕೇಳ್ತಾರೆ?”

“ಅವರು ಕೇಳಿದಾರಲ್ಲ!”

ಅಪ್ಪ ಬಲೆಯ ಕಣ್ಣು ಎಣಿಸತೊಡಗಿದ. ಅಮ್ಮ ಒಗೆದ ಬಟ್ಟೆ ಉಟ್ಟವರು ಅವಳ ಹೆಸರನ್ನೂ ಒಗೆದು ಹಾಕಿದರಲ್ಲ ಅಂತ ಇಸ್ಯಾಂಗ್ ಒಳಗೇ ಕುದಿದಳು.

ಕ್ರಿಸ್ಮಸ್ಸಿಗೆ ಮುಂಚಿನ ಡಿಸೆಂಬರಿನ ಮುಂಜಾವದ ಪೂಜೆಗಳಲ್ಲಿ ಹಾಡುವವರ ಗಂಟಲಿಗೆ ಬೇಕೆಂದು ಸಂಘದವರೆಲ್ಲ ಪುಸ್ತಕ ನೋಡಿಕೊಂಡು ಭರಣಿ ತುಂಬಿದ್ದರು. ಮೊದಲ ಪೂಜೆ ಮುಗಿದ ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ಮೇಜು ಹಾಕಿ, ನೀರು ಕಾಯಿಸಿ, ಎಂಟು ಭರಣಿ ಸಾಲಾಗಿ ಇಟ್ಟರು. ಹಾಡುವವರು ಲೋಟ ಹಿಡಿದು ನಿಂತರು. ತಿಯಾ ಮೊದಲ ಮುಚ್ಚಳ ತೆಗೆದಳು. ಕಾಯಿಯ ಮೇಲೆ ಬೆಕ್ಕಿನ ತುಪ್ಪಳದಂಥ ಬೂಷ್ಟು. ಎರಡನೆಯದರಲ್ಲೂ ಅದೇ. ಐದನೆಯದಕ್ಕೆ ಬೆಬಾಂಗ್ ಮೂಗು ಹಿಡಿದುಕೊಂಡಳು.

“ನನ್ನ ಮೀನೇ ವಾಸಿ ಕಣ್ರೇ! ಉರ್ಸುಲಾ, ಏನಿದು ನಿಮ್ಮ ಅಡುಗೆಮನೆ?”

ತಿಯಾಳ ಮುಖ ಕೆಂಪಾಯಿತು. “ನಂದೆಲ್ಲಿ ಬಂತು? ಅದು ತಿಕಾಂಗಳದು. ಆ ಹುಡುಗಿ ಹೇಳಿದ್ದನ್ನ ಹಂಗೇ ಬರ್ದೆ. ಬಟ್ಟೆ ಒಗೆಯೋಳ ಕೈಗುಣ, ಇನ್ನೇನಾಗತ್ತೆ?”

ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದಳು. ಹಿಂದೆ ನಿಂತಿದ್ದ ಇಸ್ಯಾಂಗಳ ಮೈಯೆಲ್ಲ ಉರಿದುಹೋಯಿತು. ಗೆದ್ದೆತ್ತಿನ ಬಾಲ ಹಿಡಿಯುವವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಆದರೆ ಎತ್ತು ಬಿದ್ದ ಕೂಡಲೇ ಅದರ ಹಗ್ಗವನ್ನು ಸತ್ತವಳ ಕೈಗೆ ಕಟ್ಟುವವರೂ ಇದ್ದಾರೆಯೇ? ಹೊಗಳಿಕೆಗೆ ನೆನಪಾಗದ ಹೆಸರು ಬೂಷ್ಟಿಗೆ ನೆನಪಾಯಿತೇ?

ಅವಳು ಮನೆಗೆ ಓಡಿದಳು. ಭರಣಿ ಅಪ್ಪಿಕೊಂಡು ಬಂದು ಮೇಜಿನ ಮೇಲೆ ಕುಕ್ಕಿದಳು. ಮುಚ್ಚಳ ತೆರೆದವಳು ಬೆಬಾಂಗ್. ಕಂದು ಬಣ್ಣದ ಕಾಯಿಗಳು ಒಂದೂ ಒಡೆಯದೆ ರಸದಲ್ಲಿ ಮುಳುಗಿದ್ದವು. ಉಪ್ಪು ಹುಳಿಯ ಘಮ ಅಂಗಳಕ್ಕೆ ಹರಡಿತು.

“ನೀವು ಕಿತ್ತ್ರಿ,” ಅಂದಳು ಇಸ್ಯಾಂಗ್. ದನಿ ಸಣ್ಣದಿದ್ದರೂ ಎಲ್ಲರಿಗೂ ಕೇಳಿತು. “ಕತ್ತರೀಲಿ ಕೊಯ್ರಿ ಅಂದಿದ್ದೆ. ನಕ್ಕ್ರಿ. ಅದನ್ನ ಬರೀಲೇ ಇಲ್ಲ.”

ಬೆಬಾಂಗ್ ಒಂದು ಕಾಯಿ ಬಿಸಿನೀರಲ್ಲಿ ಹಿಸುಕಿ ಕುಡಿದಳು. ಕಣ್ಣು ಮುಚ್ಚಿಕೊಂಡಳು. “ಅಯ್ಯೋ, ತಿಕಾಂಗಳದೇ ರುಚಿ.” ಹಾಡುವವರು ಮುಂದೆ ನುಗ್ಗಿ ಲೋಟ ಚಾಚಿದರು.

ತಿಯಾ ಉರ್ಸುಲಾಳೂ ಒಂದು ಲೋಟ ತೆಗೆದುಕೊಂಡಳು. ಒಂದು ಗುಟುಕು ಕುಡಿದು ತುಟಿ ಒರೆಸಿಕೊಂಡು ನಕ್ಕಳು. “ನೋಡಿದ್ರಾ? ಪುಸ್ತಕದಲ್ಲಿರೋದು ಸರಿಯಾಗೇ ಇದೆ. ಮುಂದಿನ ಸಲ ಅಚ್ಚು ಹಾಕ್ಸೋವಾಗ ‘ಕತ್ತರಿ’ ಅಂತ ಒಂದು ಮಾತು ಸೇರಿಸಿದ್ರೆ ಆಯ್ತು.”

“ಹೌದು ಹೌದು,” ಅಂದರು ಹೆಂಗಸರು.

ಇಸ್ಯಾಂಗ್ ಮೇಜಿನ ಅಂಚು ಹಿಡಿದುಕೊಂಡಳು. ಇಷ್ಟು ಜನರ ಮುಂದೆ ಅವಳು ಯಾವತ್ತೂ ಏನನ್ನೂ ಕೇಳಿದವಳಲ್ಲ.

“ತಿಯಾ, ಅಮ್ಮನ ಹೆಸರೂ ಸೇರಿಸಿ. ಬರೀ ತಿಕಾಂಗ್ ಅಂತಲ್ಲ. ಎಸ್ಕೊಲಾಸ್ತಿಕಾ ದಿಮಪಿಲಿಸ್ ಅಂತ.”

ತಿಯಾ ಇನ್ನೊಂದು ಕಾಯಿಗೆ ಲೋಟ ಚಾಚಿದಳು. ಯಾರೋ ಬಿಸಿನೀರು ಸುರಿದರು.

“ಪೂರ್ತಿ ಹೆಸರು ಹಾಕಿ, ತಿಯಾ,” ಅಂದಳು ಇಸ್ಯಾಂಗ್ ಇನ್ನೊಮ್ಮೆ.